ಎಲೆಕ್ಟ್ರಿಕ್ ಗಿಟಾರ್ ಸೆಟಪ್: ಮೊದಲು ನೆಕ್, ಆಮೇಲೆ ಉಳಿದದ್ದು

ಮಂಗಳೂರಿನಲ್ಲಿ ಗಿಟಾರ್ ಇಟ್ಟುಕೊಂಡವರಿಗೆ ಜೂನ್ ಬಂದದ್ದು ಬೆರಳಿಗೇ ಗೊತ್ತಾಗುತ್ತದೆ. ತಂತಿ ಮುಟ್ಟಿದರೆ ಬೆರಳ ತುದಿ ಕಪ್ಪು. ತಂತಿಗಳನ್ನು ಗಿಟಾರಿನ ದೇಹದ ಕಡೆ ಹಿಡಿದಿರುವ ಬ್ರಿಡ್ಜಿನ ಸಣ್ಣ ಸ್ಕ್ರೂಗಳ ತಲೆಗೆ ತುಕ್ಕು. ಮೇ ತಿಂಗಳಲ್ಲಿ ಸಲೀಸಾಗಿ ಹಿಡಿಯುತ್ತಿದ್ದ ಬಾರ್ ಕಾರ್ಡ್ (ಒಂದೇ ಬೆರಳಲ್ಲಿ ಹಲವು ತಂತಿ ಒತ್ತುವುದು) ಈಗ ಕೈ ನೋಯಿಸುತ್ತದೆ, ಯಾಕೆಂದರೆ ಮರ ನೀರಿನಂಶ ಕುಡಿದು ನೆಕ್ಕಿನ, ಅಂದರೆ ಗಿಟಾರಿನ ಉದ್ದ ಕತ್ತಿನ, ಬಾಗು ಬದಲಾಗಿರುತ್ತದೆ. ಕೆಲವು ಗಿಟಾರ್ ಹಿಂದಕ್ಕೆ ಬಾಗುತ್ತವೆ. ನನ್ನದು ಮುಂದಕ್ಕೆ ಬಾಗಿ ತಂತಿ ಎತ್ತರವಾಗುತ್ತದೆ. ಹಾಗಾಗಿ ಮಳೆ ಹಿಡಿದ ಮೇಲೊಮ್ಮೆ, ಗಾಳಿ ಒಣಗಿದ ಮೇಲೊಮ್ಮೆ ಮನೆಯಲ್ಲೇ ಸೆಟಪ್, ಅಂದರೆ ನುಡಿಸಲು ಹಿತವಾಗುವ ಹಾಗೆ ಅಳತೆಗಳ ಹೊಂದಾಣಿಕೆ, ಮಾಡಿಕೊಳ್ಳುತ್ತೇನೆ. ನನ್ನ ಹತ್ತಿರ ಇರುವುದು ಸ್ಟ್ರಾಟೊಕಾಸ್ಟರ್ ಮಾದರಿಯದು, ರೋಸ್‌ವುಡ್ ಫ್ರೆಟ್‌ಬೋರ್ಡ್ (ಬೆರಳೊತ್ತುವ ಪಟ್ಟಿ), ಹಿಂದೆ ಸ್ಪ್ರಿಂಗ್ ಇರುವ ಬ್ರಿಡ್ಜ್.

ತಂತಿ ಎತ್ತರವಾಯಿತು ಅಂದ ಕೂಡಲೇ ತುಂಬಾ ಜನ ಬ್ರಿಡ್ಜಿನ ಮೇಲೆ ತಂತಿ ಕೂರುವ ಸ್ಯಾಡಲ್ ಇಳಿಸುತ್ತಾರೆ. ಕಣ್ಣಿಗೆ ಕಾಣುವ ಸ್ಕ್ರೂ ಅದೇ ಅಲ್ವಾ! ಆದರೆ ನೆಕ್ ಬಾಗಿರುವಾಗ ಸ್ಯಾಡಲ್ ಇಳಿಸಿದರೆ ನಡುವಿನ ಫ್ರೆಟ್‌ಗಳಲ್ಲಿ (ಫ್ರೆಟ್‌ಬೋರ್ಡ್ ಮೇಲಿನ ಅಡ್ಡ ಲೋಹದ ಗೆರೆಗಳು) ತಂತಿ ಎತ್ತರವಾಗಿಯೇ ಉಳಿದು, ದೇಹದ ಕಡೆಯ ಮೇಲಿನ ಫ್ರೆಟ್‌ಗಳಲ್ಲಿ ಮಾತ್ರ ಝರ್ ಅನ್ನಲು ಶುರುವಾಗುತ್ತದೆ. ಮೊದಲು ನೆಕ್, ಆಮೇಲೆ ತಂತಿಯ ಎತ್ತರ, ಅದಾದ ಮೇಲೆ ಇಂಟೊನೇಷನ್ (ಎಲ್ಲಾ ಫ್ರೆಟ್‌ನಲ್ಲೂ ಸ್ವರ ಸರಿ ಬರುವ ಹಾಗೆ ಮಾಡುವುದು), ಕೊನೆಗೆ ಪಿಕಪ್ (ತಂತಿಯ ಕಂಪನ ಹಿಡಿಯುವ ಅಯಸ್ಕಾಂತದ ಭಾಗ). ಈ ಕ್ರಮ ತಪ್ಪಿದರೆ ಒಂದು ಸರಿಮಾಡುವಾಗ ಇನ್ನೊಂದು ಕೆಡುತ್ತದೆ.

ಎಲ್ಲಕ್ಕಿಂತ ಮೊದಲು ಹೊಸ ತಂತಿ. ಹಳೇ ತಂತಿಯ ಮೇಲೆ ಸೆಟಪ್ ಮಾಡುವುದು ಸುಮ್ನೆ ದಂಡ. ನನ್ನದರ ಹಾಗೆ ಸ್ಪ್ರಿಂಗ್ ಬ್ರಿಡ್ಜ್ ಇದ್ದರೆ ಎಲ್ಲಾ ತಂತಿ ಒಟ್ಟಿಗೆ ಬಿಚ್ಚಬೇಡಿ, ಹಿಂದಿನ ಸ್ಪ್ರಿಂಗ್‌ಗಳು ಬ್ರಿಡ್ಜನ್ನು ಎಳೆದುಬಿಡುತ್ತವೆ. ಫ್ರೆಟ್‌ಬೋರ್ಡ್ ಒರೆಸಬೇಕಿದ್ದರೆ ನಾನು ಹಿಂದಿನ ಗೂಡಿನಲ್ಲಿ ಬ್ರಿಡ್ಜಿನ ಬ್ಲಾಕ್ ಅಲುಗದ ಹಾಗೆ ಮಡಚಿದ ರಟ್ಟು ಸಿಕ್ಕಿಸಿ ಆಮೇಲೆ ಬಿಚ್ಚುತ್ತೇನೆ. ರೋಸ್‌ವುಡ್‌ಗೆ ಲೆಮನ್ ಆಯಿಲ್ ನಾಲ್ಕೇ ಹನಿ, ಹಚ್ಚಿ ಒರೆಸಿಬಿಡುವುದು. ವಾರ್ನಿಶ್ ಇರುವ ಮೇಪಲ್ ಬೋರ್ಡಿಗೆ ಎಣ್ಣೆ ಬೇಡವೇ ಬೇಡ. ಸಪೂರ ತಂತಿಗಳ 9ರ ಸೆಟ್ ತೆಗೆದು ಅದಕ್ಕಿಂತ ದಪ್ಪದ 10ರ ಸೆಟ್ ಹಾಕಿದರೆ ಬ್ರಿಡ್ಜ್ ಮುಂದಕ್ಕೆ ಏಳುತ್ತದೆ, ಆಗ ಹಿಂದಿನ ಸ್ಪ್ರಿಂಗ್‌ಗಳನ್ನು ಹಿಡಿದಿರುವ ಎರಡು ಸ್ಕ್ರೂ ಸ್ವಲ್ಪ ಬಿಗಿ ಮಾಡಬೇಕು. 10ರ ಸೆಟ್ಟಿನ ಆರು ತಂತಿ ಸೇರಿ ಸುಮಾರು 45 ಕೆಜಿ ಎಳೆತ. ಅಷ್ಟನ್ನು ನೆಕ್ಕಿನ ಆ ಸಪೂರ ಮರ ದಿನವಿಡೀ ತಾಳುತ್ತದೆ, ಒಳಗಿರುವ ಲೋಹದ ಸಲಾಕೆ, ಟ್ರಸ್ ರಾಡ್, ಅದಕ್ಕೆ ಎದುರು ಬಲ ಕೊಡುತ್ತದೆ.

ನೆಕ್ ಅಳೆಯಲು ಗಿಟಾರ್ ಅಂಗಡಿಯ ದುಬಾರಿ ಸಾಮಾನು ಬೇಕಿಲ್ಲ. ಬೈಕ್ ಮೆಕ್ಯಾನಿಕ್‌ಗಳು ಟ್ಯಾಪೆಟ್ ಸೆಟ್ ಮಾಡಲು ಬಳಸುವ ಫೀಲರ್ ಗೇಜ್ ಆಟೋ ಸ್ಪೇರ್ ಅಂಗಡಿಯಲ್ಲಿ ಸಿಗುತ್ತದೆ. ಶ್ರುತಿ ಮಾಡಿ, ಮೊದಲ ಫ್ರೆಟ್‌ಗೆ ಕೇಪೊ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ದಪ್ಪ ಇ ತಂತಿಯನ್ನು ಕೊನೆಯ ಫ್ರೆಟ್‌ನಲ್ಲಿ ಒತ್ತಿ ಹಿಡಿಯುತ್ತೇನೆ. ಆಗ ತಂತಿಯೇ ಸ್ಕೇಲ್‌ಪಟ್ಟಿ ಆಗುತ್ತದೆ. ಎಂಟನೇ ಫ್ರೆಟ್ ಮೇಲೆ ಗೇಜಿನ 0.25 ಮಿಮೀ ಎಲೆ ತೂರಿಸಿದರೆ ತಂತಿಯನ್ನು ಎತ್ತದೆ, ಸವರಿಕೊಂಡು ಹೋಗಬೇಕು. ಸಂದು ಜಾಸ್ತಿ ಇದ್ದರೆ ಟ್ರಸ್ ರಾಡ್ ಬಿಗಿ ಮಾಡಬೇಕು, ಅಂದರೆ ರಾಡಿನ ತುದಿಯಲ್ಲಿರುವ, ತಿರುಗಿಸುವ ನಟ್ಟಿನ ಎದುರಿಂದ ನೋಡಿದಾಗ ಗಡಿಯಾರದ ಮುಳ್ಳು ಸುತ್ತುವ ದಿಕ್ಕು. ಸಂದು ಇಲ್ಲದಿದ್ದರೆ ಸಡಿಲ. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚಿಲ್ಲ. ಪುನಃ ಶ್ರುತಿ ಮಾಡಿ ಮರುದಿನ ಅಳೆದರೇ ಒಳ್ಳೆಯದು, ಮರ ನಿಧಾನಕ್ಕೆ ಕೂರುತ್ತದೆ. ಅಲೆನ್ ಕೀ ಸರಿಯಾದ ಅಳತೆಯದ್ದೇ ಇರಲಿ. ನಟ್ ಸವೆದು ಗುಂಡಗಾಯಿತೋ, ಮುಗಿಯಿತು. ತಿರುಗುತ್ತಿಲ್ಲ ಅಂದರೆ ಬಲ ಹಾಕಬೇಡಿ.

ಇಷ್ಟಾದ ಮೇಲೆ ಸ್ಯಾಡಲ್. ಕೇಪೊ ತೆಗೆದು, 17ನೇ ಫ್ರೆಟ್ಟಿನ ತಲೆಯಿಂದ ತಂತಿಯ ಕೆಳಬದಿಗೆ 1.6 ಮಿಮೀ, ಇದು ಸ್ಟ್ರಾಟೊಕಾಸ್ಟರ್ ಮಾಡುವ ಫೆಂಡರ್ ಕಂಪನಿ ಹೇಳುವ ಅಳತೆ. ನಾನು ಜೋರಾಗಿ ಮೀಟುವವನು, ದಪ್ಪ ತಂತಿಗಳನ್ನು ಒಂದು ಕೂದಲೆಳೆ ಮೇಲೆಯೇ ಇಡುತ್ತೇನೆ. ಆಂಪ್‌ಗೆ (ಆಂಪ್ಲಿಫೈಯರ್‌ಗೆ) ಹಾಕದೆ ನುಡಿಸಿದಾಗ ಕೇಳುವ ಸಣ್ಣ ಝರ್ ಆಂಪ್‌ನಲ್ಲಿ ಕೇಳದಿದ್ದರೆ ತಲೆ ಕೆಡಿಸಿಕೊಳ್ಳುವುದಿಲ್ಲ.

ಇಂಟೊನೇಷನ್ ಸುಲಭ, ತಾಳ್ಮೆ ಬೇಕಷ್ಟೆ. 12ನೇ ಫ್ರೆಟ್ ತಂತಿಯ ಸರಿ ಅರ್ಧ. ಅಲ್ಲಿ ತಂತಿಯನ್ನು ಒತ್ತದೆ ಮೆಲ್ಲಗೆ ತಾಗಿಸಿ ಹಾರ್ಮೋನಿಕ್ ನುಡಿಸಿ, ಆಮೇಲೆ ಅದೇ ಫ್ರೆಟ್ ಒತ್ತಿ ನುಡಿಸಿ ಟ್ಯೂನರ್ ನೋಡುವುದು. ಒತ್ತಿದ ಸ್ವರ ಏರಿದ್ದರೆ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ. ದಪ್ಪ ಇ ತಂತಿಯಲ್ಲಿ ಮುಳ್ಳು ಒಂದೆಡೆ ನಿಲ್ಲದೆ ಅಲೆದಾಡುತ್ತಿದ್ದರೆ ದೋಷ ಸ್ಯಾಡಲ್‌ನದ್ದಲ್ಲದೆ ಇರಬಹುದು. ಪಿಕಪ್ ತೀರಾ ಹತ್ತಿರ ಬಂದಾಗ ಅದರ ಅಯಸ್ಕಾಂತ ತಂತಿಯನ್ನು ಎಳೆಯುತ್ತದೆ, ಒಂದೇ ಸ್ವರದೊಳಗೆ ಎರಡು ಸ್ವರ ಜಗಳ ಆಡಿದ ಹಾಗೆ ಕೇಳುತ್ತದೆ. ಕೊನೆಯ ಫ್ರೆಟ್ ಒತ್ತಿ ಹಿಡಿದು, ಪಿಕಪ್ಪಿಗೂ ತಂತಿಗೂ ನಡುವೆ ದಪ್ಪ ತಂತಿಯ ಕಡೆ 2 ಮಿಮೀ, ಸಪೂರ ಕಡೆ 1.6 ಮಿಮೀ ಸಂದು ಬಿಟ್ಟರೆ ನನ್ನದಕ್ಕೆ ಸರಿಹೋಗುತ್ತದೆ.

ಶ್ರುತಿ ಮಾಡುವಾಗ ಟಿಣ್ ಅಂತ ಸದ್ದು ಬಂದು ಸ್ವರ ಹಾರಿದರೆ ನೆಕ್ಕಿನ ತಲೆಯ ಕಡೆ ತಂತಿ ಹಾದುಹೋಗುವ ನಟ್ಟಿನ (ಟ್ರಸ್ ರಾಡಿನ ನಟ್ ಅಲ್ಲ) ಸೀಳಿನಲ್ಲಿ ತಂತಿ ಸಿಕ್ಕಿಕೊಂಡಿದೆ ಅಂತ ಅರ್ಥ, ಚೂಪು ಪೆನ್ಸಿಲಿನಿಂದ ಆ ಸೀಳಿಗೆ ಗೀಚಿದರೆ ಸಾಕು. ವಾಲ್ಯೂಮ್ ತಿರುಗಿಸುವಾಗ ಕರಕರ ಅಂದರೆ ಎಲೆಕ್ಟ್ರಾನಿಕ್ಸ್ ಅಂಗಡಿಯ ಕಾಂಟ್ಯಾಕ್ಟ್ ಕ್ಲೀನರ್ ಒಂದು ಪುಸ್ ಹೊಡೆದು ನಾಬನ್ನು ಆಚೀಚೆ ತಿರುಗಿಸಿ. ಮಳೆಗಾಲದಲ್ಲಿ ನುಡಿಸಿದ ಕೂಡಲೇ ತಂತಿಯನ್ನು ಅಡಿಯಿಂದಲೂ ಒರೆಸಿ, ಕೇಸಿನೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿಡುತ್ತೇನೆ.

ಇನ್ನು ಆಂಪ್‌ಗೆ ಹಾಕಿದಾಗ ಬರುವ ಗುಂಯ್ ಸದ್ದು. ಒಂದೇ ಸುರುಳಿಯ ಸಿಂಗಲ್ ಕಾಯಿಲ್ ಪಿಕಪ್ ನಮ್ಮ 50 ಹರ್ಟ್ಸ್ ಕರೆಂಟಿನ ಸದ್ದು ಹಿಡಿಯುವುದೇ ಸೈ. ತಂತಿ ಮುಟ್ಟಿದಾಗ ಕಮ್ಮಿಯಾದರೆ ತಂತಿಯ ಅರ್ಥ್ ವೈರ್ ಸರಿಯಾಗಿದೆ ಅಂದುಕೊಳ್ಳಬಹುದು. ಕರೆಂಟು ಹೋಗಿ ಇನ್ವರ್ಟರ್ ಮೇಲೆ ನುಡಿಸುವಾಗ ಸದ್ದು ಇನ್ನೂ ಕರ್ಕಶವಾದರೆ ಅದು ಸ್ಕ್ವೇರ್ ವೇವ್ ಇನ್ವರ್ಟರ್ ಇರಬಹುದು, ಗಿಟಾರ್ ಬಿಚ್ಚಿ ಪ್ರಯೋಜನ ಇಲ್ಲ. ತಂತಿ ಮುಟ್ಟಿದರೆ ಜುಮ್ ಅಂತ ಶಾಕ್ ಹೊಡೆದರೆ ಮಾತ್ರ ಆ ಕ್ಷಣವೇ ನಿಲ್ಲಿಸಿ, ಎಲೆಕ್ಟ್ರಿಷಿಯನ್ ಕರೆಸಿ ಮನೆಯ ಅರ್ಥಿಂಗ್ ಮತ್ತು ಆಂಪ್‌ನ ಮೂರು ಪಿನ್ ಪ್ಲಗ್ ನೋಡಿಸಿ. ವಾಲ್ವ್ ಆಂಪ್ ಅಂತೂ ನಾನು ಬಿಚ್ಚುವುದೇ ಇಲ್ಲ, ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಪ್ರಾಣ ತೆಗೆಯುವಷ್ಟು ಚಾರ್ಜ್ ಉಳಿದಿರಬಹುದು. ಸವೆದ ಫ್ರೆಟ್ ಸಮ ಮಾಡುವುದು, ನಟ್ಟಿನ ಸೀಳು ಕೊರೆಯುವುದು ಎರಡನ್ನೂ ರಿಪೇರಿಯವರಿಗೇ ಬಿಟ್ಟಿದ್ದೇನೆ. ಅದಕ್ಕೆ ಬೇಕಾದ ಅರಗಳ ಬೆಲೆಗೆ ಎಷ್ಟೋ ವರ್ಷದ ತಂತಿ ಬರುತ್ತದೆ.