ಗವರ್ನರ್ ಬಿಟ್ಟು ಮೆಮೊರಿಗೆ ಕೈ ಹಾಕಿದ ಮೇಲೆ ನನ್ನ ಪೈನ್‌ಫೋನ್ ಸರಿಹೋಯಿತು

"2 ಜಿಬಿ ರ್‍ಯಾಮ್, ಎ53 ಕೋರ್. ಇದರಲ್ಲಿ ಇಷ್ಟೇ ಆಗೋದು. ಬೇರೆ ಫೋನ್ ತಗೊಳ್ಳಿ." ಲಿನಕ್ಸ್ ಓಡುವ ನನ್ನ ಪೈನ್‌ಫೋನ್ ನಡುನಡುವೆ ಅರ್ಧ ಸೆಕೆಂಡ್ ಸ್ಟಕ್ ಆಗುತ್ತದೆ ಅಂದಾಗೆಲ್ಲ, ಎರಡು ವರ್ಷ ಇದೇ ಮಾತು ಕೇಳಿದ್ದೇನೆ. ಹೇಳಿದವರು ಕರ್ನಲ್ (ಲಿನಕ್ಸ್‌ನ ತಿರುಳು) ಬಲ್ಲವರೇ, ಹಾಗಾಗಿ ನಾನೂ ಹೆಚ್ಚುಕಡಿಮೆ ನಂಬಿದ್ದೆ. ಈಗ ಅದೇ ಪೈನ್‌ಫೋನ್ ನಾಲ್ಕು ತಿಂಗಳಿಂದ ನನ್ನ ದಿನಬಳಕೆಯ ಫೋನ್. ಬ್ರೌಸರ್‌ನಲ್ಲಿ ನಾಲ್ಕು ಟ್ಯಾಬ್, ಹಿಂದೆ ಮ್ಯಾಪ್, ಜೊತೆಗೆ ಒಂದು ಚಾಟ್. ಇಷ್ಟಿದ್ದರೂ ಕೀಬೋರ್ಡ್ ಮುಟ್ಟಿದ ತಕ್ಷಣ ಮೇಲೆ ಬರುತ್ತದೆ. ಅನುಮಾನ ಪಟ್ಟವರಲ್ಲೇ ಒಬ್ಬರು ನನ್ನ ಕೈಯಿಂದ ಫೋನ್ ತಗೊಂಡು ಐದು ನಿಮಿಷ ಸ್ಕ್ರಾಲ್ ಮಾಡಿ "ಬೋರ್ಡ್ ಬದಲಿಸಿದ್ದೀರಾ?" ಅಂತ ಕೇಳಿದರು. ಇಲ್ಲ. ಬದಲಿಸಿದ್ದು ಹತ್ತು ಹನ್ನೆರಡು ಸಾಲು ಸೆಟ್ಟಿಂಗ್, ಒಂದು ಸಲ ಕರ್ನಲ್ ಬಿಲ್ಡ್. ಅಷ್ಟೇ.

ಎಲ್ಲರ ಹಾಗೆ ನಾನೂ ಸಿಪಿಯು ಕ್ಲಾಕ್ ಏರಿಳಿಸುವ ಗವರ್ನರ್‌ನಿಂದಲೇ ಶುರು ಮಾಡಿದೆ. ಕ್ಲಾಕ್ ಸದಾ ತುದಿಯಲ್ಲಿಡುವ ಪರ್ಫಾರ್ಮೆನ್ಸ್ ಗವರ್ನರ್ ಹಾಕಿದಾಗ ಮೊದಲ ಹತ್ತು ನಿಮಿಷ ಚೆನ್ನಾಗಿತ್ತು. ಆಮೇಲೆ ಹಿಂಬದಿ ಕಾದು, ಥರ್ಮಲ್ ಮಿತಿ ಮುಟ್ಟಿ, ಕ್ಲಾಕ್ ತಾನೇ ಕೆಳಗಿಳಿದು ಮೊದಲಿಗಿಂತ ಕೆಟ್ಟದಾಯಿತು. ಥರ್ಮಲ್ ಪ್ಯಾಡ್ ತರಿಸಿ ಹಚ್ಚಿದೆ, ಐದು ನಿಮಿಷ ಜಾಸ್ತಿ ಸಿಕ್ಕಿತು, ಅಷ್ಟೇ. ಆ ದುಡ್ಡು ದಂಡ.

ಆಮೇಲೆ ಕೂತು ಲೆಕ್ಕ ಹಾಕಿದೆ. ಫೋನಿನ ಎ53 ಕೋರ್‌ಗಳಿರುವ ಎ64 ಚಿಪ್‌ನ ಫ್ರೀಕ್ವೆನ್ಸಿ ಪಟ್ಟಿ ಶುರುವಾಗುವುದೇ 648 ಮೆಗಾಹರ್ಟ್ಸ್‌ನಿಂದ, ಮುಗಿಯುವುದು 1152ಕ್ಕೆ. ಎರಡು ಪಟ್ಟೂ ಇಲ್ಲ. ಗವರ್ನರ್ ಎಷ್ಟೇ ಜಾಣನಾದರೂ ಇಷ್ಟು ಜಾಗದಲ್ಲಿ ಅರ್ಧ ಸೆಕೆಂಡಿನ ಸ್ಟಕ್ ಹೇಗೆ ಹುಟ್ಟುತ್ತದೆ, ಹೇಗೆ ಹೋಗುತ್ತದೆ? ಈ ಪ್ರಶ್ನೆ ನನಗೆ ಹೊಳೆಯಲು ಏಳೆಂಟು ತಿಂಗಳು ಬೇಕಾಯಿತು.

ಹಾಗಂತ ಅಲ್ಲಿ ಏನೂ ಸಿಗಲಿಲ್ಲ ಅಂತಲ್ಲ. ಸ್ಕೆಡ್‌ಯುಟಿಲ್ ಗವರ್ನರ್‌ನ ರೇಟ್ ಲಿಮಿಟ್ (ಎರಡು ಕ್ಲಾಕ್ ಬದಲಾವಣೆಗಳ ನಡುವಿನ ಕನಿಷ್ಠ ಅಂತರ) ನನ್ನಲ್ಲಿ 10000 ಮೈಕ್ರೋಸೆಕೆಂಡ್ ಇತ್ತು, ಅಂದರೆ 10 ಮಿಲಿಸೆಕೆಂಡ್. 60 ಹರ್ಟ್ಸ್ ಪರದೆಯಲ್ಲಿ ಒಂದು ಫ್ರೇಮಿಗೆ ಸಿಗುವುದೇ 16.7. ಬೆರಳು ಇಟ್ಟ ಮೇಲೆ ಕ್ಲಾಕ್ ಏರುವಷ್ಟರಲ್ಲಿ ಒಂದು ಫ್ರೇಮ್ ಹೋಗಿರುತ್ತದೆ, ಅಲ್ವಾ? ಅದನ್ನು 2000ಕ್ಕೆ ಇಳಿಸಿದೆ. ಯುಕ್ಲ್ಯಾಂಪ್ (ಒಂದು ಪ್ರೋಸೆಸ್‌ಗೆ ಕನಿಷ್ಠ ವೇಗ ಗೊತ್ತುಮಾಡುವ) ಆಯ್ಕೆ ಸೇರಿಸಿ ಕರ್ನಲ್ ಬಿಲ್ಡ್ ಮಾಡಿ, ಪರದೆ ಬಿಡಿಸುವ ಕಾಂಪೋಸಿಟರ್‌ಗೆ ಮಾತ್ರ ಕನಿಷ್ಠ ಮಿತಿ ಕೊಟ್ಟೆ. ತುದಿಯ ಬೆಲೆ 1024 ಕೊಟ್ಟರೆ ಬ್ಯಾಟರಿ ಸಂಜೆಯೊಳಗೆ ಖಾಲಿ, 300 ಕೊಟ್ಟರೆ ಗೊತ್ತೇ ಆಗುವುದಿಲ್ಲ. ನಾನು ನಿಂತಿದ್ದು ಎಲ್ಲೋ 600-700ರ ನಡುವೆ. ಕಾಂಪೋಸಿಟರ್ ಮತ್ತೆ ಶುರುವಾದರೆ ಈ ಸೆಟ್ಟಿಂಗ್ ಹೋಗಿಬಿಡುತ್ತದೆ, ಸರ್ವಿಸ್ ಮಾಡಿ ಕಟ್ಟಿಹಾಕಿ. ನಾನು ಒಂದು ವಾರ ಅದು ಹೋಗಿರುವುದೇ ಗೊತ್ತಿಲ್ಲದೆ ಬೇರೆ ಬೇರೆ ಸೆಟ್ಟಿಂಗ್ ಅಳೆಯುತ್ತಾ ಕೂತಿದ್ದೆ.

ಇದರಿಂದ ಸಣ್ಣ ತಡವರಿಕೆ ಹೋಯಿತು. ದೊಡ್ಡ ಸ್ಟಕ್ ಹಾಗೇ ಉಳಿಯಿತು.

ಕಣ್ಣು ತೆರೆಸಿದ್ದು ಪ್ರೆಷರ್ ಫೈಲ್‌ಗಳು, ಪ್ರೋಸೆಸ್‌ಗಳು ಯಾವುದಕ್ಕೆ ಎಷ್ಟು ಹೊತ್ತು ಕಾಯುತ್ತಿವೆ ಅಂತ ಕರ್ನಲ್ ಶೇಕಡಾದಲ್ಲಿ ತೋರಿಸುವ ಫೈಲ್‌ಗಳು. ಒಂದು ರಾತ್ರಿ ಎಸ್‌ಎಸ್‌ಎಚ್‌ನಲ್ಲಿ ಸಿಪಿಯು, ಮೆಮೊರಿ, ಐಒ (ಸ್ಟೋರೇಜ್ ಓದು-ಬರಹ) ಮೂರನ್ನೂ ಪಕ್ಕಪಕ್ಕ ತೆರೆದು, ಅರ್ಧ ಸೆಕೆಂಡಿಗೊಮ್ಮೆ ಓದುವಂತೆ ಬಿಟ್ಟು, ಫೋನಿನಲ್ಲಿ ಬ್ರೌಸರ್‌ನಿಂದ ಚಾಟ್‌ಗೆ, ಚಾಟ್‌ನಿಂದ ಬ್ರೌಸರ್‌ಗೆ ಸುಮ್ನೆ ಓಡಾಡಿದೆ. ಪರದೆ ನಿಂತ ಕ್ಷಣ ನೋಡಿದರೆ ಸಿಪಿಯು ಸಾಲು 10ರ ಆಸುಪಾಸು. ಮೆಮೊರಿಯ 'ಫುಲ್' ಸಾಲು 30 ದಾಟಿತ್ತು, ಅದರ ಹಿಂದೆಯೇ ಐಒ. 'ಫುಲ್' ಅಂದರೆ ಕೆಲಸವಿರುವ ಎಲ್ಲ ಪ್ರೋಸೆಸ್‌ಗಳೂ ಒಟ್ಟಿಗೆ ಕಾಯುತ್ತಿವೆ ಅಂತ. ಕೋರ್‌ಗಳು ಖಾಲಿ ಕೂತಿವೆ, ನಾನು ಅವುಗಳ ಕ್ಲಾಕ್ ತಿದ್ದುತ್ತಾ ಇದ್ದೇನೆ! ಆ ರಾತ್ರಿಯೇ ಗವರ್ನರ್ ಕಡತ ಮುಚ್ಚಿದೆ.

ಮೊದಲ ತಪ್ಪು ನನ್ನದೇ. ಎಸ್‌ಡಿ ಕಾರ್ಡಿನಲ್ಲಿ ಸ್ವಾಪ್ (ಮೆಮೊರಿ ತುಂಬಿದಾಗ ಪುಟಗಳನ್ನು ಸರಿಸಿಡುವ ಜಾಗ) ಪಾರ್ಟಿಷನ್ ಇಟ್ಟಿದ್ದೆ. ಅದಕ್ಕೆಂದೇ ವೇಗದ್ದು ಅಂತ ದುಬಾರಿ ಕಾರ್ಡ್ ಕೊಂಡಿದ್ದೆ, ಫೋನಿನ ಬೆಲೆಯ ಕಾಲು ಭಾಗ ಅದಕ್ಕೇ ಹೋಗಿತ್ತು. ಮೂರು ತಿಂಗಳಿಗೆ ಬರೆಯುವುದನ್ನೇ ನಿಲ್ಲಿಸಿತು. ಅದನ್ನು ತೆಗೆದು, ಪುಟಗಳನ್ನು ಕುಗ್ಗಿಸಿ ಮೆಮೊರಿಯಲ್ಲೇ ಇಡುವ ಸ್ವಾಪ್‌ಗೆ, ಪೂರ್ತಿ ಜೆಡ್‌ರ್‍ಯಾಮ್‌ಗೆ ಬಂದೆ. ಕುಗ್ಗಿಸುವ ವಿಧಾನಗಳಲ್ಲಿ ಝಡ್‌ಎಸ್‌ಟಿಡಿ ಚೆನ್ನಾಗಿ ಕುಗ್ಗಿಸುತ್ತದೆ, ಸುಮಾರು ಮೂರರಲ್ಲಿ ಒಂದು ಭಾಗಕ್ಕೆ ಇಳಿಸುತ್ತಿತ್ತು, ಆದರೆ ಎ53ಕ್ಕೆ ಅದು ಭಾರ. ಎಲ್‌ಝಡ್4ನಲ್ಲಿ ಎರಡೂವರೆಗೆ ಒಂದರಷ್ಟೇ ಕುಗ್ಗಿದರೂ ಕೈಗೆ ಹಗುರ. ಎಲ್‌ಝಡ್4 ಇಟ್ಟುಕೊಂಡೆ.

ಸ್ವಾಪಿನೆಸ್ (ಸ್ವಾಪ್ ಕಡೆಗೆ ಎಷ್ಟು ಒಲವು ಅನ್ನುವ ಸಂಖ್ಯೆ) 60ರಿಂದ 180ಕ್ಕೆ ಏರಿಸಿದೆ. 100ರ ಮೇಲೆ ಹೋಗಬಾರದು ಅಂತ ಈಗಲೂ ವಾದ ಮಾಡುವವರಿದ್ದಾರೆ, ಆದರೆ ಕರ್ನಲ್ 5.8ರಿಂದ ಮಿತಿಯೇ 200. ಸ್ವಾಪ್ ರ್‍ಯಾಮ್‌ನಲ್ಲೇ ಇರುವಾಗ ಇಎಂಎಂಸಿಯಿಂದ (ಫೋನಿನೊಳಗಿನ ಸ್ಟೋರೇಜ್) ಫೈಲ್ ಪುಟ ಮತ್ತೆ ಓದುವುದಕ್ಕಿಂತ ಅದೇ ಅಗ್ಗ. ಪೇಜ್ ಕ್ಲಸ್ಟರ್ 3ರಿಂದ 0ಗೆ ಇಳಿಸಿ. 3 ಅಂದರೆ ಒಂದು ಪುಟ ಕೇಳಿದರೆ ಎಂಟು ಪುಟ ಬಿಚ್ಚುತ್ತದೆ, ಡಿಸ್ಕ್ ಕಾಲದ ಅಭ್ಯಾಸ ಅದು, ಜೆಡ್‌ರ್‍ಯಾಮ್‌ನಲ್ಲಿ ಬರೀ ವ್ಯರ್ಥ.

ನಿಜವಾದ ತಿರುವು ಸಿಕ್ಕಿದ್ದು ವಾಟರ್‌ಮಾರ್ಕ್ ಸ್ಕೇಲ್ ಫ್ಯಾಕ್ಟರ್‌ನಲ್ಲಿ. ಎಷ್ಟು ಮೆಮೊರಿ ಖಾಲಿ ಉಳಿದಾಗ ಜಾಗ ಮಾಡಲು ಶುರು ಮಾಡಬೇಕು, ಎಲ್ಲಿ ನಿಲ್ಲಿಸಬೇಕು ಅನ್ನುವ ಅಂತರ ಇದು. ಹೆಚ್ಚಿನವರು ಇದನ್ನು ಮುಟ್ಟುವುದೇ ಇಲ್ಲ. ಡೀಫಾಲ್ಟ್ 10, ಅಂದರೆ ಮೆಮೊರಿಯ ಶೇ 0.1. 2 ಜಿಬಿಯಲ್ಲಿ ಅದು ಬರೀ 2 ಎಂಬಿ! ಹಿನ್ನೆಲೆಯಲ್ಲಿ ಮೆಮೊರಿ ಬಿಡಿಸುವ ಕೆಸ್ವಾಪ್‌ಡಿ ಎದ್ದು ಜಾಗ ಮಾಡುವಷ್ಟರಲ್ಲಿ ಬ್ರೌಸರ್ ಅಷ್ಟನ್ನೂ ನುಂಗಿ, ಕೊನೆಗೆ ಕಾಂಪೋಸಿಟರೇ ನೇರ ರಿಕ್ಲೇಮ್‌ಗೆ (ತಾನೇ ಮೆಮೊರಿ ಬಿಡಿಸಲು) ನಿಲ್ಲಬೇಕಾಗುತ್ತದೆ. ಪರದೆ ಬಿಡಿಸಬೇಕಾದವನೇ ಕಸ ಗುಡಿಸಲು ಹೋದರೆ ಪರದೆ ನಿಲ್ಲದೆ ಇನ್ನೇನಾಗುತ್ತದೆ? ಅದನ್ನು 150ಕ್ಕೆ ತಂದೆ, ಸುಮಾರು 30 ಎಂಬಿ ಅಂತರ. ಅದೇ ಓಡಾಟವನ್ನು ಮತ್ತೆ ಮಾಡಿದಾಗ 'ಫುಲ್' ಸಾಲು 4-5 ದಾಟಲಿಲ್ಲ. 300ಕ್ಕೂ ಹೋಗಿ ನೋಡಿದೆ, ಆಗ ಕೆಸ್ವಾಪ್‌ಡಿ ಮಲಗುವುದೇ ಇಲ್ಲ.

ಯಾವ ಪುಟ ಹೊರಹಾಕಬೇಕು ಅಂತ ಆರಿಸುವ ಎಂಜಿಎಲ್‌ಆರ್‌ಯು ಕರ್ನಲ್ 6.1ರಿಂದ ಇದೆ, ಕಣ್ಣು ಮುಚ್ಚಿ ಆನ್ ಮಾಡಿ. ಆದರೆ ಅದರ ಮಿನ್ ಟಿಟಿಎಲ್ ಜೊತೆ ಹುಷಾರು. 1000 ಮಿಲಿಸೆಕೆಂಡ್ ಚೆನ್ನಾಗಿತ್ತು, ಆಸೆ ಜಾಸ್ತಿಯಾಗಿ 5000 ಹಾಕಿದೆ. ಇತ್ತೀಚೆಗೆ ಮುಟ್ಟಿದ ಪುಟಗಳನ್ನು ಅಷ್ಟು ಹೊತ್ತು ಕಾಪಾಡಲು ಆಗದಿದ್ದರೆ ಅದು ಪ್ರೋಸೆಸ್ ಕೊಂದು ಮೆಮೊರಿ ಬಿಡಿಸುವ ಊಮ್ ಕಿಲ್ಲರ್ ಕರೆಯುತ್ತದೆ. ಮೊದಲು ಬ್ರೌಸರ್ ಹೋಯಿತು, ಮರುದಿನ ಮುಖ್ಯ ಕರೆಯೊಂದರ ನಡುವೆ ಕರೆಯ ಆ್ಯಪ್ಪೇ ಹೋಯಿತು. 1000ಕ್ಕೆ ವಾಪಸ್.

ಬರೆಯುವ ಕಡೆ, ಸ್ಟೋರೇಜ್‌ಗೆ ಇನ್ನೂ ಹೋಗದೆ ಮೆಮೊರಿಯಲ್ಲಿರುವ ಡೇಟಾದ ಮಿತಿಯನ್ನು ಡರ್ಟಿ ರೇಷಿಯೋ ಬಿಟ್ಟು ಬೈಟ್ಸ್‌ನಲ್ಲಿ ಕೊಟ್ಟೆ, ಹಿನ್ನೆಲೆಗೆ 16 ಎಂಬಿ, ಗರಿಷ್ಠ 48 ಎಂಬಿ. ಅಪ್‌ಡೇಟ್ ಇಳಿಯುವಾಗ ಫೋನ್ ಹೆಣದ ಹಾಗೆ ಬೀಳುವುದು ಇದರಿಂದ ನಿಂತಿತು. ಬಿಎಫ್‌ಕ್ಯೂ ಅನ್ನುವ ಐಒ ಶೆಡ್ಯೂಲರ್ ಹಾಕಿದ್ದೇನೆ, ಇಲ್ಲದಿದ್ದರೂ ನಡೆಯುತ್ತದೆ.

ನಡುವೆ ದಾರಿ ಬಿಟ್ಟು ಅಲೆದದ್ದೂ ಉಂಟು. ಸ್ಪೆಕ್ಟರ್‌ನಂಥ ಸಿಪಿಯು ದೋಷಗಳಿಗೆ ಹಾಕಿದ ತಡೆ, ಅಂದರೆ ಮಿಟಿಗೇಷನ್, ಆಫ್ ಮಾಡಿ ನೋಡಿದೆ, ಎ53 ಇನ್-ಆರ್ಡರ್ ಕೋರ್, ಸ್ಪೆಕ್ಟರ್ ತಟ್ಟುವುದೇ ಇಲ್ಲ, ಉಳಿಸಲು ಏನಿದೆ? ಕರ್ನಲ್‌ನ ಟೈಮರ್ ಟಿಕ್ 1000 ಹರ್ಟ್ಸ್ ಮಾಡಿದೆ, ವ್ಯತ್ಯಾಸ ಕಾಣಲಿಲ್ಲ, 250ಕ್ಕೆ ಮರಳಿದೆ. ಡಿರ್‍ಯಾಮ್ ಕ್ಲಾಕ್ 552ರಿಂದ 624 ಮೆಗಾಹರ್ಟ್ಸ್‌ಗೆ ಏರಿಸಿದ್ದು ಮಾತ್ರ ನೆನಪಿರುತ್ತದೆ. ಹೆಡ್‌ಫೋನ್ ಜ್ಯಾಕ್‌ಗೆ ಸೀರಿಯಲ್ ಕೇಬಲ್ ಸಿಕ್ಕಿಸಿ ನೋಡುತ್ತಿದ್ದೆ, ಫೋನನ್ನು ಬೂಟ್ ಮಾಡುವ ಯು-ಬೂಟ್‌ನ ಮೊದಲ ಸಾಲು ಬಂತು, 'ಡಿರ್‍ಯಾಮ್' ಅಂತ ಬಂತು, ಪಕ್ಕದಲ್ಲಿ ಎಂಬಿ ಲೆಕ್ಕ ಬರಬೇಕು, ಬರಲಿಲ್ಲ. ಕರ್ಸರ್ ಅಲ್ಲೇ ನಿಂತಿತು. ಎ64 ಮೊದಲು ಎಸ್‌ಡಿ ಕಾರ್ಡ್ ನೋಡುವುದರಿಂದ ಹಳೆಯ ಕಾರ್ಡ್ ಹಾಕಿ ಬದುಕಿಸಿಕೊಂಡೆ. 600 ನಡೆಯುತ್ತದೆ, ಅದನ್ನೇ ಇಟ್ಟಿದ್ದೇನೆ. ನಿಮ್ಮ ಬೋರ್ಡ್ ಇಷ್ಟಕ್ಕೂ ಒಪ್ಪದಿರಬಹುದು.

ಸುಮ್ನೆ ಅನಿಸಿದ್ದಲ್ಲ, ಅಳೆದಿದ್ದೇನೆ. ಇನ್ನೊಂದು ಫೋನಿನಲ್ಲಿ ಸೆಕೆಂಡಿಗೆ 240 ಫ್ರೇಮ್ ಸ್ಲೋಮೋಷನ್ ತೆಗೆದು ಒಂದೊಂದೇ ಎಣಿಸಿದೆ. ಪರದೆಯ ಒಂದು ಫ್ರೇಮ್ ಕ್ಯಾಮೆರಾದಲ್ಲಿ ನಾಲ್ಕು ಬಾರಿ ಕಾಣಬೇಕು. ಮೊದಲು ಕೀಬೋರ್ಡ್ ಮೇಲೆ ಬರುವಾಗ ಅರ್ಧ ದಾರಿಯಲ್ಲಿ ಅದೇ ಚಿತ್ರ 100-120 ಬಾರಿ ನಿಂತಿರುತ್ತಿತ್ತು, ಅಂದರೆ ಹತ್ತಿರಹತ್ತಿರ ಅರ್ಧ ಸೆಕೆಂಡ್. ಈಗ ಕೆಟ್ಟ ಗಳಿಗೆಯಲ್ಲೂ 12 ದಾಟುವುದು ಅಪರೂಪ. ಬ್ಯಾಟರಿ ಅರ್ಧ ಗಂಟೆಯಷ್ಟು ಕಡಿಮೆ ಬರುತ್ತದೆ, ಅದು ಯುಕ್ಲ್ಯಾಂಪ್‌ನ ಬಾಬ್ತು.

ಪರದೆ ಆರಿದ ಮೇಲೆ ಬ್ರೌಸರ್‌ನ ಸಿಗ್ರೂಪ್‌ಗೆ (ಅದರ ಪ್ರೋಸೆಸ್‌ಗಳ ಗುಂಪು) ಒಂದು ಸಣ್ಣ ಕೆಲಸ ಮಾಡುವ ಸ್ಕ್ರಿಪ್ಟ್ ಇದೆ, ಬೆಳಿಗ್ಗೆ ಅನ್‌ಲಾಕ್ ಮಾಡಿದಾಗ ಫೋನ್ ಹೊಸದಾಗಿ ಬೂಟ್ ಆದಷ್ಟು ಹಗುರ. ಅದು ಇನ್ನೂ ಪಕ್ವವಾಗಿಲ್ಲ, ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಜೆಡ್‌ರ್‍ಯಾಮ್ ಗಾತ್ರವನ್ನೂ ಹೇಳುವುದಿಲ್ಲ, ನಿಮ್ಮ ಆ್ಯಪ್‌ಗಳನ್ನು ಇಟ್ಟು ನೀವೇ ಹುಡುಕಬೇಕು. ರ್‍ಯಾಮ್‌ನ ಅರ್ಧಕ್ಕಿಂತ ಜಾಸ್ತಿ ಅಂತ ಮಾತ್ರ ಹೇಳಬಲ್ಲೆ.

ಬೂಟ್ ಆದ ಮೇಲೆ ಬ್ರೌಸರ್ ಮೊದಲ ಸಲ ತೆರೆಯಲು ಈಗಲೂ 8-9 ಸೆಕೆಂಡ್ ಬೇಕು. ಅದು ಇಎಂಎಂಸಿ ಓದುವ ವೇಗ, ಯಾವ ಸೆಟ್ಟಿಂಗ್‌ನಿಂದಲೂ ಅಲುಗಲಿಲ್ಲ.