ನೇರ ಸಂದರ್ಶನದ ಸುದ್ದಿ ಬರುವ ಮುನ್ನವೇ ಫೈಲು ಸಿದ್ಧವಿರಲಿ

ಈಗ ಕೆಲಸ ಹುಡುಕುತ್ತಿರಲಿ, ಇಲ್ಲದಿರಲಿ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಿಂದ ಹಿಡಿದು ಇತ್ತೀಚಿನ ಸಂಬಳದ ಚೀಟಿಯವರೆಗಿನ ಎಲ್ಲ ದಾಖಲೆಗಳ ಎರಡೆರಡು ಜೆರಾಕ್ಸ್ ಪ್ರತಿಗಳನ್ನೂ ನಾಲ್ಕು ಭಾವಚಿತ್ರಗಳನ್ನೂ ಒಂದೇ ಫೈಲಿನಲ್ಲಿಟ್ಟು, ಅವುಗಳ ಪಿಡಿಎಫ್ ಅನ್ನು ಮೊಬೈಲಿನಲ್ಲಿ ಉಳಿಸಿಕೊಳ್ಳಿ. ನಮ್ಮ ಕೋಲಾರ ಜಿಲ್ಲೆಯ ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶಗಳ ನೇರ ಸಂದರ್ಶನದ ಸುದ್ದಿ ಎಷ್ಟೋ ಬಾರಿ ಹಿಂದಿನ ಸಂಜೆಯಷ್ಟೇ ಕಿವಿಗೆ ಬೀಳುವುದರಿಂದ, ರಾತ್ರಿ ಜೆರಾಕ್ಸ್ ಅಂಗಡಿ ಹುಡುಕಿಕೊಂಡು ಅಲೆಯುವ ಪಾಡು ಇದರಿಂದ ತಪ್ಪುತ್ತದೆ. ಅದಕ್ಕಿಂತ ಮುಖ್ಯವಾಗಿ, ಆಧಾರ್‌ನಲ್ಲಿರುವ ಹೆಸರು, ಇನಿಷಿಯಲ್ ಹಾಗೂ ಜನ್ಮದಿನಾಂಕ ಅಂಕಪಟ್ಟಿಯೊಂದಿಗೆ ಅಕ್ಷರಶಃ ಹೊಂದುತ್ತವೆಯೇ ಎಂಬುದನ್ನು ಈಗಲೇ ನೋಡಿಕೊಳ್ಳಿ. ಒಂದರಲ್ಲಿ ‘ಮಂಜುನಾಥ ಕೆ.’ ಎಂದೂ ಇನ್ನೊಂದರಲ್ಲಿ ‘ಕೆ. ಮಂಜುನಾಥ್’ ಎಂದೂ ಇದ್ದರೆ ಭವಿಷ್ಯ ನಿಧಿ ಖಾತೆಯ ಹಂತದಲ್ಲಿ ತೊಡಕಾಗಬಹುದು, ತಿದ್ದುಪಡಿಯಂತೂ ಒಂದೇ ದಿನಕ್ಕೆ ಮುಗಿಯುವ ಕೆಲಸವಲ್ಲ. ಮೂಲ ಅಂಕಪಟ್ಟಿಯನ್ನು ಕಾಲೇಜಿನಿಂದ ಇನ್ನೂ ಬಿಡಿಸಿಕೊಂಡಿಲ್ಲದವರಿಗೆ ಈ ಫೈಲು ಅರ್ಧ ದಾರಿಗಷ್ಟೇ ನೆರವಾಗುತ್ತದೆ. ಐಟಿಐ ಮುಗಿಸಿದವರ ಕೈಗೆ ವರ್ನಿಯರ್ ಕ್ಯಾಲಿಪರ್ ಎಂಬ ಅಳತೆಯ ಉಪಕರಣ ಕೊಟ್ಟು, 0.02 ಮಿ.ಮೀ. ಸೂಕ್ಷ್ಮತೆಯಲ್ಲಿ ಅಳತೆ ಓದಿ ಎಂದು ಕೇಳುವ ಕಡೆ ಕಾಗದಗಳು ಯಾವ ಉಪಯೋಗಕ್ಕೂ ಬಾರವು. ಅದಕ್ಕೆ ಕೈಯ ಅಭ್ಯಾಸವೇ ಬೇಕು.