ಪೀಪಾಯಿಯಲ್ಲಿ ಮಾಗಿದ ಟಕೀಲಾವನ್ನು ಸವಿಯುವುದು ಹೇಗೆ

ನಮ್ಮ ಚಿಕ್ಕಮಗಳೂರಿನ ಹೋಂಸ್ಟೇ ಪಾರ್ಟಿಗಳಲ್ಲಿ ಮೆಕ್ಸಿಕೋದ ಮದ್ಯ ಟಕೀಲಾ ಅಂದ್ರೆ ಉಪ್ಪು ನೆಕ್ಕಿ, ಒಂದೇ ಗುಟುಕಿಗೆ ಇಳಿಸಿ, ನಿಂಬೆ ಹೋಳು ಕಚ್ಚುವುದು ಅಂತಲೇ ಲೆಕ್ಕ. ಓಕ್ ಪೀಪಾಯಿಯಲ್ಲಿ ಮಾಗಿದ್ದನ್ನು ದಯವಿಟ್ಟು ಹಾಗೆ ಕುಡಿಯಬೇಡಿ. ಪೀಪಾಯಿ ಕೊಟ್ಟ ರುಚಿಯನ್ನು ಉಪ್ಪು, ನಿಂಬೆ ಎರಡೂ ಸೇರಿ ಮುಚ್ಚಿಬಿಡುತ್ತವೆ. ನಾವು ಜಾಸ್ತಿ ದುಡ್ಡು ಕೊಟ್ಟಿದ್ದೇ ಆ ರುಚಿಗೆ, ಅಲ್ವಾ?

ಮೊದಲು ಬಾಟಲಿ ನೋಡಿ. ‘100% ಅಗಾವೆ’ ಎಂದು ಇರಲೇಬೇಕು. ಇಲ್ಲದಿದ್ದರೆ ಹುಳಿ ಬರಿಸುವಾಗ ಬೇರೆ ಸಕ್ಕರೆ 49%ವರೆಗೂ ಸೇರಿರಬಹುದು. ಅಗಾವೆ ಅಂದ್ರೆ ಅರಸೀಕೆರೆ, ಕಡೂರು ಕಡೆ ಹೊಲದ ಬೇಲಿಯಲ್ಲಿ ಕಾಣುವ ಕತ್ತಾಳೆಯ ಬಳಗ. ಆದರೆ ಟಕೀಲಾಗೆ ಆಗುವುದು ನೀಲಿ ಅಗಾವೆ ಒಂದೇ, ಅದೂ ಮೆಕ್ಸಿಕೋದ ಹಾಲಿಸ್ಕೋ ಮತ್ತು ಇನ್ನು ನಾಲ್ಕು ರಾಜ್ಯಗಳ ಗೊತ್ತುಪಡಿಸಿದ ಜಾಗಗಳಲ್ಲಿ ಬೆಳೆದದ್ದು.

2 ತಿಂಗಳಿಗೆ ಕಡಿಮೆಯಿಲ್ಲದೆ, ಒಂದು ವರ್ಷದೊಳಗೆ ಮಾಗಿದ್ದು ರೆಪೊಸಾಡೊ. 1ರಿಂದ 3 ವರ್ಷದ್ದು ಆನ್ಯೆಹೊ. ಅದಕ್ಕೂ ಮೇಲೆ ಎಕ್ಸ್‌ಟ್ರಾ ಆನ್ಯೆಹೊ, ಈ ದರ್ಜೆ ಬಂದಿದ್ದು 2006ರಲ್ಲಿ. ವರ್ಷ ಜಾಸ್ತಿಯಾದಷ್ಟೂ ಒಳ್ಳೆಯದು ಅಂತೇನಿಲ್ಲ, ಮರದ ರುಚಿ ಗಿಡದ ರುಚಿಯನ್ನೇ ನುಂಗಿಬಿಡಬಹುದು. ಹೊಸಬರು ರೆಪೊಸಾಡೊದಿಂದಲೇ ಶುರುಮಾಡಿ.

ಏನೂ ಬೆರೆಸದೆ ಹಾಗೇ ಕುಡಿಯುವುದಾದರೆ ಫ್ರಿಜ್‌ನಲ್ಲಿ ಇಡಬೇಡಿ. ತಣ್ಣಗಾದರೆ ಘಮ ಏಳುವುದಿಲ್ಲ, ನಮ್ಮ ಮಲೆನಾಡಿನ ಸಂಜೆಯ ಹವೆಯೇ ಸಾಕು. ಬಾಯಿ ಕಿರಿದಾದ ವೈನ್ ಗ್ಲಾಸಿಗೆ 30 ಎಂಎಲ್ ಹಾಕಿ, ಹತ್ತು ನಿಮಿಷ ಸುಮ್ನೆ ಬಿಡಿ. ಮೂಗನ್ನು ಗ್ಲಾಸಿನೊಳಗೆ ತೂರಿಸಬೇಡಿ, ಆಲ್ಕೋಹಾಲ್ ಚುರ್ ಅನ್ನುತ್ತದೆ. ಸ್ವಲ್ಪ ದೂರ ಹಿಡಿದು, ಬಾಯಿ ಅರೆ ತೆರೆದು ಉಸಿರೆಳೆದರೆ ಮೊದಲು ವೆನಿಲಾ, ಅದರ ಹಿಂದೆಯೇ ಕೆಂಡದಲ್ಲಿ ಸುಟ್ಟ ಗೆಣಸಿನಂಥ ವಾಸನೆ ಬರುತ್ತದೆ. ವೆನಿಲಾ ಓಕ್ ಮರದ್ದು, ಗೆಣಸಿನದ್ದು ಬೇಯಿಸಿದ ಅಗಾವೆಯದು. ಮೊದಲ ಗುಟುಕು ಬಾಯಿ ಒಗ್ಗಲಿಕ್ಕೆ, ರುಚಿ ಗೊತ್ತಾಗುವುದು ಎರಡನೆಯದರಲ್ಲಿ. ನಡುನಡುವೆ ನೀರು ಕುಡಿಯಿರಿ. ಆಮೇಲೆ ಘಾಟಿ ರಸ್ತೆಯಲ್ಲಿ ಗಾಡಿ ಓಡಿಸುವ ಮಾತೇ ಬೇಡ.

ಕಾಕ್‌ಟೇಲ್‌ಗೆ ಸಾಮಾನು ಕಡಿಮೆ ಇರಲಿ. ಓಲ್ಡ್ ಫ್ಯಾಷನ್ಡ್ ಎಂಬ ಕಾಕ್‌ಟೇಲ್‌ಗೆ 60 ಎಂಎಲ್ ರೆಪೊಸಾಡೊ, ಬಿಸಿನೀರಲ್ಲಿ ಕರಗಿಸಿದ ಜೇನು ಒಂದು ಟೀ ಚಮಚ, ಎರಡು ತೊಟ್ಟು ಬಿಟರ್ಸ್ (ಗಿಡಮೂಲಿಕೆಗಳ ಕಹಿ ಸಾರ). ದೊಡ್ಡ ಐಸ್ ಹಾಕಿ ಅರ್ಧ ನಿಮಿಷ ಕಲಕಿ, ಮೇಲೆ ಕಿತ್ತಳೆ ಸಿಪ್ಪೆ ಹಿಂಡಿ. ಸಿಪ್ಪೆಯ ಎಣ್ಣೆ ಬೇಕು, ರಸ ಬೇಡ.

ನನಗೆ ತುಂಬಾ ಇಷ್ಟವಾದದ್ದು ಕಾಫಿಯ ಜೊತೆಗಿನದು. 45 ಎಂಎಲ್ ಆನ್ಯೆಹೊ, ಆರಿದ ಗಟ್ಟಿ ಡಿಕಾಕ್ಷನ್ 30 ಎಂಎಲ್, ತೆಳು ಬೆಲ್ಲದ ಪಾಕ ಎರಡು ಟೀ ಚಮಚ, ಐಸ್ ಜೊತೆ ಜೋರಾಗಿ ಅಲ್ಲಾಡಿಸಿ ಸೋಸಿ. ಪುಡಿ ಅರೇಬಿಕಾದ್ದಾಗಿರಲಿ. ಚಿಕೋರಿ ಬೆರೆತಿದ್ದರೆ ಅದರ ಕಹಿಯೇ ಮುಂದೆ ನಿಲ್ಲುತ್ತದೆ. ಎಕ್ಸ್‌ಟ್ರಾ ಆನ್ಯೆಹೊ ಮಾತ್ರ ಯಾವುದಕ್ಕೂ ಬೆರೆಸಬೇಡಿ, ಅದನ್ನು ಊಟ ಆದಮೇಲೆ ಹಾಗೇ ಕುಡಿಯಿರಿ.